ಬೆಂಗಳೂರಿನಲ್ಲಿ ಮನೆಗೆ ರೇಟು ಕಟ್ಟುವುದು ಕಾಗದ

ಉತ್ತರಹಳ್ಳಿ ಕಡೆಯೋ ಹೊರಮಾವು ಕಡೆಯೋ ಯಾವುದಾದರೂ ಒಂದು ಬಡಾವಣೆಗೆ ಹೋಗಿ ನೋಡಿ. ಒಂದೇ ರಸ್ತೆಯಲ್ಲಿ ಎರಡು ಮನೆ ಮಾರಾಟಕ್ಕಿರುತ್ತವೆ. ಎರಡೂ 30-40 ಸೈಟು, ಎರಡೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕಟ್ಟಿದವು. ಆದರೆ ಕೇಳುವ ಬೆಲೆಯಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ಟೈಲ್ಸ್, ತೇಗದ ಬಾಗಿಲು, ವಾಸ್ತು ಯಾವುದೂ ಇದಕ್ಕೆ ಕಾರಣವಲ್ಲ. ಖಾತಾ ಅಂದರೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ. ಒಂದಕ್ಕೆ ಎ ಖಾತಾ ಇದೆ, ಇನ್ನೊಂದಕ್ಕೆ ಬಿ ಖಾತಾ. ಅಷ್ಟೇ.

ಮೊದಲ ಮನೆ ಕೊಳ್ಳಲು ಹೊರಟವರು ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ. ಈಗ ಬೆಂಗಳೂರಲ್ಲಿ ರೇಟು ಹೇಗಿದೆ? ಇನ್ನೂ ಏರುತ್ತಾ, ಸ್ವಲ್ಪ ಕಾದರೆ ಇಳಿಯುತ್ತಾ? ಇದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಇಡೀ ಬೆಂಗಳೂರಿಗೆ ಒಂದು ರೇಟು ಅನ್ನುವುದು ಇಲ್ಲ. ಬ್ಯಾಂಕು ಸಾಲ ಕೊಡುವ ಮನೆಗಳ ಮಾರುಕಟ್ಟೆ ಬೇರೆ, ಕೊಡದ ಮನೆಗಳದ್ದು ಬೇರೆ. ಒಸಿ, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ, ಇರುವ ಫ್ಲ್ಯಾಟಿಗೆ ಗಿರಾಕಿಗಳೇ ಬೇರೆ, ಇಲ್ಲದ್ದಕ್ಕೆ ಬೇರೆ. ಇತ್ತೀಚೆಗೆ ಸರ್ಕಾರ ಮತ್ತು ಕೋರ್ಟು ತಂದ ಬದಲಾವಣೆಗಳಿಂದ ಈ ಅಂತರ ಇನ್ನೂ ಜಾಸ್ತಿಯಾಗಿದೆ. ಇದು ತಿಳಿಯದೆ ಬರೀ ಚದರಡಿ ರೇಟು ಹಿಡಿದು ಹೊರಟವರು ಹತ್ತು ಹದಿನೈದು ವರ್ಷದ ಉಳಿತಾಯವನ್ನು ತಪ್ಪು ಜಾಗದಲ್ಲಿ ಸುರಿಯುತ್ತಾರೆ. ಅದೇ ನನಗೆ ಸಂಕಟದ ವಿಷಯ.

'ಬೆಂಗಳೂರಿನಲ್ಲಿ ಮನೆ ಬೆಲೆ ಇಷ್ಟು ಶೇಕಡಾ ಏರಿಕೆ' ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದು ಯಾವ ಮನೆಗಳ ಲೆಕ್ಕ ಎಂದು ನೋಡಬೇಕು. ರಿಯಲ್ ಎಸ್ಟೇಟ್ ಸಲಹಾ ಕಂಪನಿಗಳ ವರದಿಗಳು ಹೆಚ್ಚಾಗಿ ಬಿಲ್ಡರ್‌ಗಳ ಹೊಸ ಪ್ರಾಜೆಕ್ಟುಗಳನ್ನು ಎಣಿಸುತ್ತವೆ. ಈ ವರ್ಷ ದುಬಾರಿ ಫ್ಲ್ಯಾಟುಗಳೇ ಜಾಸ್ತಿ ಬಂದರೆ ಸರಾಸರಿಯೂ ಏರುತ್ತದೆ. ಕತ್ರಿಗುಪ್ಪೆಯ ಹದಿನೈದು ವರ್ಷದ ಹಳೇ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಆ ಏರಿಕೆಗೂ ಸಂಬಂಧವೇ ಇಲ್ಲದಿರಬಹುದು. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನೋಂದಣಿ ಇಲಾಖೆಯ ಅಂಕಿಗಳ ಮೇಲೆ ನಿಂತಿದೆ. ಕ್ರಯಪತ್ರದಲ್ಲಿ ಬರೆದ ಮೊತ್ತಕ್ಕೂ ನಿಜವಾಗಿ ಕೈ ಬದಲಾದ ಮೊತ್ತಕ್ಕೂ ನಮ್ಮಲ್ಲಿ ಎಷ್ಟು ದೂರ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಊರು ಒಟ್ಟಾರೆ ಯಾವ ಕಡೆ ಹೋಗುತ್ತಿದೆ ಎಂದು ತಿಳಿಯಲು ಇವು ಸಾಕು. ನೀವು ನೋಡಿದ ಮನೆಗೆ ಎಷ್ಟು ಕೊಡಬಹುದು ಎಂದು ಇವು ಹೇಳುವುದಿಲ್ಲ.

ಖಾತಾ, ಒಸಿ ಮತ್ತು ಬದಲಾದ ಆಟ

ಮೊದಲು ಈ ಬಿ ಖಾತಾ ಎಲ್ಲಿಂದ ಬಂತು ನೋಡೋಣ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ ಹೊತ್ತಿಗಾಗಲೇ ಅಲ್ಲೆಲ್ಲ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಜಿಲ್ಲಾಧಿಕಾರಿ ಆದೇಶ) ಆಗದ ಹೊಲಗಳಲ್ಲಿ ಲೇಔಟು ಎದ್ದಿತ್ತು. ನಕ್ಷೆಗೆ ಮಂಜೂರಾತಿ ಇರಲಿಲ್ಲ, ಆದರೆ ಮನೆ ಇತ್ತು, ಜನ ಇದ್ದರು. ತೆರಿಗೆಯಂತೂ ವಸೂಲಾಗಬೇಕು. ಅದಕ್ಕೆಂದು ಬೇರೆ ರಿಜಿಸ್ಟರ್ ಇಟ್ಟರು, ಅದೇ ಬಿ. ಅಂದರೆ ಬಿ ಖಾತಾ ಇದೆ ಎಂದರೆ ತೆರಿಗೆ ಕಟ್ಟುತ್ತಿದ್ದಾರೆ ಎಂದಷ್ಟೇ ಅರ್ಥ. ಕಟ್ಟಡವೋ ಲೇಔಟೋ ಸಕ್ರಮ ಎಂದಲ್ಲ. ಎ ಖಾತಾ ಕೂಡ ಮಾಲೀಕತ್ವದ ಪುರಾವೆಯಲ್ಲ, ಅದೂ ತೆರಿಗೆ ಲೆಕ್ಕವೇ. ಮಾಲೀಕರು ಯಾರು ಎಂದು ಹೇಳುವುದು ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು. 'ಖಾತಾ ಇದೆಯಲ್ಲ ಸರ್, ಇನ್ನೇನು' ಎನ್ನುವ ಮಾತು ಕೇಳಿದಾಗ ಇದನ್ನು ನೆನಪಿಟ್ಟುಕೊಳ್ಳಿ.

2024ರ ಕೊನೆಯಲ್ಲಿ ಇ-ಖಾತಾ, ಅಂದರೆ ಆನ್‌ಲೈನ್ ಖಾತಾ, ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ ಬಂತು. ಆಧಾರ್, ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ), ಕ್ರಯಪತ್ರದ ನಂಬರು, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಕಟ್ಟಡದ ಫೋಟೊ ಎಲ್ಲ ಒಂದು ಕಡೆ ಸೇರಿತು. ಮೊದಲ ಕೆಲವು ತಿಂಗಳು ಜನ ಒದ್ದಾಡಿದ್ದು ನಿಜ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಅಲೆದಾಟ. ಆದರೂ ಕೊಳ್ಳುವವರ ಪಾಲಿಗೆ ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ಅಭಿಪ್ರಾಯ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು, ನಕಲಿ ಖಾತಾ ತೋರಿಸಿ ಟೋಕನ್ ತೆಗೆದುಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ.

ದೊಡ್ಡ ಬದಲಾವಣೆ ಬಂದಿದ್ದು 2024ರ ಡಿಸೆಂಬರ್ 17ಕ್ಕೆ. ಉತ್ತರ ಪ್ರದೇಶದ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆ ಕೊಟ್ಟಿತು. ಒಸಿ ನೋಡಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು. 2025ರಲ್ಲಿ ಬೆಸ್ಕಾಂ ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ಸಂಪರ್ಕ ನಿಲ್ಲಿಸಿತು. ಮನೆ ಕಟ್ಟಿ ಮುಗಿಸಿದವರು ತಾತ್ಕಾಲಿಕ ಕರೆಂಟಿನ ದುಬಾರಿ ಬಿಲ್ಲು ಕಟ್ಟಿಕೊಂಡು ಕುಳಿತರು. ಕೊನೆಗೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನಲ್ಲಿ ಕಟ್ಟಿದ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು.

ಇಲ್ಲಿ ಸಿಕ್ಕಿಹಾಕಿಕೊಳ್ಳುವವರು ಯಾರು? 40-60 ಸೈಟಿನಲ್ಲಿ ನಾಲ್ಕೈದು ಮಹಡಿ ಎಬ್ಬಿಸಿ ಎಂಟು ಹತ್ತು ಫ್ಲ್ಯಾಟ್ ಮಾರುವ ಸಣ್ಣ ಬಿಲ್ಡರ್‌ಗಳು, ಮತ್ತು ಅವರಿಂದ ಕೊಳ್ಳುವ ನಮ್ಮಂಥವರು. ದೊಡ್ಡ ಅಪಾರ್ಟ್‌ಮೆಂಟಿನ ಬೆಲೆ ಕೈಗೆಟುಕದೆ ಇವರ ಹತ್ತಿರ ಬರುವವರಲ್ಲಿ ಮೊದಲ ಸಲ ಮನೆ ಕೊಳ್ಳುವವರೇ ಜಾಸ್ತಿ. ವಿನಾಯಿತಿ ಈ ಕಟ್ಟಡಗಳಿಗೆ ಸಿಗುವುದಿಲ್ಲ. ಮಂಜೂರಾದ ನಕ್ಷೆ ಮೀರಿ ಒಂದು ಮಹಡಿ ಏರಿಸಿದ್ದರೆ ಒಸಿ ಬರುವುದೂ ಕಷ್ಟ. ಹಿಂದೆ 'ಒಸಿ ಯಾರ ಹತ್ರಾನೂ ಇಲ್ಲ ಬಿಡಿ' ಎಂದು ತಳ್ಳಿಹಾಕುತ್ತಿದ್ದ ವಿಷಯ ಈಗ ಬೆಲೆಯೊಳಗೇ ಬಂದು ಕುಳಿತಿದೆ. ಆ ಫ್ಲ್ಯಾಟನ್ನು ಇವತ್ತು ನೀವು ಹೇಗೋ ಕೊಂಡುಬಿಡಬಹುದು. ಐದು ವರ್ಷದ ಮೇಲೆ ನಿಮ್ಮಿಂದ ಕೊಳ್ಳುವವರಿಗೆ ಬ್ಯಾಂಕು ಸಾಲ ಕೊಡದಿದ್ದರೆ ನಗದು ಇರುವ ಗಿರಾಕಿಯನ್ನೇ ಹುಡುಕಬೇಕು. ಅಂಥವರು ಚೌಕಾಸಿ ಮಾಡದೆ ಬಿಡುತ್ತಾರಾ?

ಇನ್ನು 2025ರ ನವೆಂಬರ್‌ನಲ್ಲಿ ಬಿ ಖಾತಾ ನಿವೇಶನಗಳನ್ನು ಎ ಖಾತಾಗೆ ಬದಲಿಸಿಕೊಡುವ ಅಭಿಯಾನ ಶುರುವಾಯಿತು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದು ಎರಡು ತಿಂಗಳಾಗಿತ್ತು. ಆಗ ಗೊತ್ತುಮಾಡಿದ ಶುಲ್ಕ ಮಾರ್ಗಸೂಚಿ ದರದ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯ, ಶೇ 5. ಒಂದು ಲೆಕ್ಕ ನೋಡಿ. 1,200 ಚದರಡಿ ಸೈಟು, ಮಾರ್ಗಸೂಚಿ ದರ ಚದರಡಿಗೆ 5,000 ರೂಪಾಯಿ ಎಂದಿಟ್ಟುಕೊಂಡರೆ ಸೈಟಿನ ಬೆಲೆ 60 ಲಕ್ಷ, ಶುಲ್ಕ 3 ಲಕ್ಷ. ಇದರಿಂದ ಮಾರುಕಟ್ಟೆಯಲ್ಲಿ ಆಗಿದ್ದೇನು? ಬಿ ಖಾತಾ ಸೈಟು ಮಾರುವವರು ಎ ಖಾತಾ ರೇಟು ಕೇಳತೊಡಗಿದರು. 'ಹೇಗೂ ಎ ಆಗೇ ಆಗುತ್ತೆ ಸರ್' ಎನ್ನುವುದು ಅವರ ವಾದ.

ಆಗುವುದಾದರೆ ಮಾರುವವರೇ ಮಾಡಿಸಿ ಕೊಡಲಿ, ಎ ರೇಟು ತೆಗೆದುಕೊಳ್ಳಲಿ. ಇಲ್ಲವೇ ಬಿ ರೇಟಿಗೆ ಕೊಟ್ಟು ನಮ್ಮ ಪಾಡಿಗೆ ಬಿಡಲಿ. ಬಿ ಕಾಗದ ಕೊಟ್ಟು ಎ ದುಡ್ಡು ಕೇಳುವುದಕ್ಕೆ ಮಾತ್ರ ಒಪ್ಪಬೇಡಿ. ಸೈಟಿನ ರಸ್ತೆ ಸಾರ್ವಜನಿಕ ರಸ್ತೆ ಎಂದು ದಾಖಲೆಯಲ್ಲಿದೆಯೋ ಇಲ್ಲವೋ, ಜಾಗ ಕೆರೆಯ ಬಫರ್‌ನಲ್ಲಿದೆಯೋ, ಹಿಂದೆ ಸರ್ಕಾರಿ ಜಮೀನಾಗಿತ್ತೋ, ಇಂಥ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ ಆ ಹೊರೆ ಬೀಳುವುದು ಅಷ್ಟೊತ್ತಿಗೆ ಹೆಸರು ಬದಲಾಯಿಸಿಕೊಂಡ ನಿಮ್ಮ ತಲೆಗೆ.

80 ಲಕ್ಷದ ಫ್ಲ್ಯಾಟಿಗೆ ಎಷ್ಟು ದುಡ್ಡು ಬೇಕು

ಬ್ಯಾಂಕು ಮನೆಯ ಬೆಲೆಯಷ್ಟೂ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕಿಂತ ಮೇಲೆ ಶೇ 75 ಗರಿಷ್ಠ ಮಿತಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಈ ಬೆಲೆಯಲ್ಲಿ ಸೇರುವುದಿಲ್ಲ. ಮೊದಲ ಮನೆ ಕೊಳ್ಳುವವರ ಬಜೆಟ್ ಹಾಳಾಗುವುದು ಇಲ್ಲೇ.

ಬೆಂಗಳೂರಿನಲ್ಲಿ ಕಟ್ಟುತ್ತಿರುವ 80 ಲಕ್ಷದ ಒಂದು ಫ್ಲ್ಯಾಟ್ ತೆಗೆದುಕೊಳ್ಳೋಣ. ಸಾಲ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ಅಂದರೆ 4 ಲಕ್ಷ 48 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. 80 ಸಾವಿರ ಇದ್ದಿದ್ದು 1 ಲಕ್ಷ 60 ಸಾವಿರ ಆಯಿತು. ಒಸಿ ಬಂದಿಲ್ಲವಾದ್ದರಿಂದ ಜಿಎಸ್‌ಟಿ ಶೇ 5, ಅಂದರೆ 4 ಲಕ್ಷ. ಒಟ್ಟು 10 ಲಕ್ಷದ ಮೇಲೆ. ನಿಮ್ಮ 16 ಲಕ್ಷ ಈಗ 26 ಲಕ್ಷ. ಇದಕ್ಕೆ ಪಾರ್ಕಿಂಗ್, ಬೆಸ್ಕಾಂ-ಜಲಮಂಡಳಿ ಹೆಸರಿನ ವಸೂಲಿ, ಮುಂಗಡ ಮೇಂಟೆನೆನ್ಸ್, ವಕೀಲರ ಫೀಸು ಸೇರಿಸಿ. ಕಿಚನ್ ಕ್ಯಾಬಿನೆಟ್, ವಾರ್ಡ್‌ರೋಬ್, ಗ್ರಿಲ್ ಇನ್ನೂ ಬಂದೇ ಇಲ್ಲ.

ಒಸಿ ಸಿಕ್ಕ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ರೆಡಿ ಇರುವ ಮನೆ ಎರಡು ಮೂರು ಲಕ್ಷ ದುಬಾರಿ ಎಂದು ಕಂಡರೂ ನಿಜವಾಗಿ ಅದೇ ಅಗ್ಗ ಆಗಬಹುದು. ಮೇಲಾಗಿ ಕಟ್ಟುವ ಮೂರ್ನಾಲ್ಕು ವರ್ಷ ಬಾಡಿಗೆಯನ್ನೂ ಬಡ್ಡಿಯನ್ನೂ ಒಟ್ಟಿಗೆ ಕಟ್ಟುವ ಪಾಡಿಲ್ಲ. ಬೆಲೆ 20ರಿಂದ 45 ಲಕ್ಷದೊಳಗಿದ್ದರೆ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕ ಶೇ 3. ಆದರೆ ಆ ಬೆಲೆಗೆ ಹೊಸ ಫ್ಲ್ಯಾಟ್ ಹುಡುಕಿಕೊಂಡು ಊರಿನ ಅಂಚಿಗೇ ಹೋಗಬೇಕು. 50 ಲಕ್ಷ ಅಥವಾ ಅದಕ್ಕಿಂತ ಮೇಲಿನ ಖರೀದಿಯಲ್ಲಿ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವ ಜವಾಬ್ದಾರಿಯೂ ಕೊಳ್ಳುವವರದ್ದೇ. ಹಳೇ ಫ್ಲ್ಯಾಟ್ ಕೊಳ್ಳುವಾಗ ಇದನ್ನು ಎಷ್ಟೋ ಜನ ಮರೆತು ಆಮೇಲೆ ನೋಟಿಸ್ ನೋಡುತ್ತಾರೆ.

ಬಡ್ಡಿಯ ವಿಷಯ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 6.5ರಿಂದ 5.25ಕ್ಕೆ ಇಳಿಯಿತು. ಸಾಲ ಅಗ್ಗವಾಯಿತು, ಕೊಂಡುಬಿಡೋಣ ಎಂಬ ಉತ್ಸಾಹ ಅದರಿಂದಲೇ. ಶೇ 8ರ ದರದಲ್ಲಿ 64 ಲಕ್ಷಕ್ಕೆ 20 ವರ್ಷದ ಇಎಂಐ ಸುಮಾರು 53,500 ರೂಪಾಯಿ. ಆದರೆ ಇದು ಫ್ಲೋಟಿಂಗ್ ದರ, ಏರುವುದಕ್ಕೂ ಹೊತ್ತು ಬೇಡ. 2022ರ ಆರಂಭದಲ್ಲಿ ಶೇ 6.75ಕ್ಕೆ 50 ಲಕ್ಷ ಸಾಲ ಮಾಡಿದವರ ಇಎಂಐ ಸುಮಾರು 38 ಸಾವಿರ ಇತ್ತು. ಒಂದು ವರ್ಷದೊಳಗೆ ರೆಪೊ ಎರಡೂವರೆ ಶೇಕಡಾ ಏರಿತು. ಅವರ ದರ ಶೇ 9.25 ಆದಾಗ ತಿಂಗಳ ಬಡ್ಡಿಯೇ 37 ಸಾವಿರ ಮೀರಿತು. ಕಟ್ಟಿದ್ದೆಲ್ಲ ಬಡ್ಡಿಗೇ ಜಮಾ, ಅಸಲು ಅಲ್ಲಾಡಲಿಲ್ಲ. ಬ್ಯಾಂಕುಗಳು ಇಎಂಐ ಏರಿಸುವ ಬದಲು ಅವಧಿ ಎಳೆದಿದ್ದರಿಂದ ಎಷ್ಟೋ ಜನಕ್ಕೆ ಇದು ಗೊತ್ತೇ ಆಗಲಿಲ್ಲ. ಆದ್ದರಿಂದ ಇವತ್ತಿನ ದರಕ್ಕೆ ಎರಡು ಶೇಕಡಾ ಕೂಡಿಸಿ ಇಎಂಐ ಲೆಕ್ಕ ಹಾಕಿ. ಅಷ್ಟು ಕಟ್ಟಿಯೂ ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿಗೆ ಉಳಿಯುತ್ತದೆ ಎಂದಾದರೆ ಮಾತ್ರ ಮುಂದುವರಿಯಿರಿ. ಕೈಗೆ ಬೋನಸ್ ಬಂದಾಗ ಅಸಲಿಗೆ ಕಟ್ಟಿ. ಫ್ಲೋಟಿಂಗ್ ದರದ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲ.

ಮತ್ತೆ ಬಾಡಿಗೆ. ಅದೇ 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ, ಅಂದರೆ ಬೆಲೆಯ ಶೇ 3.75. ಸಾಲದ ಬಡ್ಡಿ ಅದರ ಎರಡರಷ್ಟು. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೂ ಇಲ್ಲ. ಬೆಲೆ ಏರಿದರಷ್ಟೇ ಲೆಕ್ಕ ಸರಿಹೋಗುವುದು. 'ಬಾಡಿಗೆ ಕೊಡೋದು ದಂಡ, ಅದನ್ನೇ ಇಎಂಐ ಕಟ್ಟು' ಎನ್ನುವ ಹಿರಿಯರ ಮಾತು ಅವರ ಕಾಲಕ್ಕೆ ಸರಿ ಇತ್ತು. ಈಗ ಇಎಂಐ ಬಾಡಿಗೆಯ ಎರಡು ಪಟ್ಟು. ಹಾಗಂತ ಸ್ವಂತ ಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಮಾಲೀಕರ ಮುಖ ನೋಡುವ, ಮಕ್ಕಳ ಶಾಲೆ ಬದಲಿಸುವ ಹಿಂಸೆಗೂ ಬೆಲೆ ಇದೆ. ಆ ನೆಮ್ಮದಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೇವೆ ಎಂದು ಗೊತ್ತಿದ್ದು ಕೊಡೋಣ.

ನಿಮ್ಮ ಏರಿಯಾದ ರೇಟು

ಇಡೀ ಊರು ಬಿಟ್ಟು ಎರಡು ಮೂರು ಕಿಲೋಮೀಟರಿನ ಒಂದು ಜಾಗ ಆರಿಸಿಕೊಳ್ಳಿ. ಮೂರು ತಿಂಗಳು ಅದನ್ನೇ ನೋಡಿ. ಆನ್‌ಲೈನ್ ಜಾಹೀರಾತಿನಲ್ಲಿರುವುದು ಕೇಳುವ ಬೆಲೆ, ಆಗುವ ಬೆಲೆಯಲ್ಲ. ಆದರೂ ಅದೇ ಫ್ಲ್ಯಾಟ್ ಮೂರು ತಿಂಗಳಾದರೂ ಅಲ್ಲೇ ಇದೆಯಾ, ಬೆಲೆ ಇಳಿಸಿದರಾ, ಬೇರೆ ಏಜೆಂಟ್ ಹೆಸರಲ್ಲಿ ಮತ್ತೆ ಬಂತಾ ಎಂದು ಬರೆದಿಟ್ಟುಕೊಂಡರೆ ಮಾರುವವರ ಅವಸರ ಗೊತ್ತಾಗುತ್ತದೆ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ರಸ್ತೆಯ ಮಾರ್ಗಸೂಚಿ ದರ ಸಿಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಅದನ್ನು ಸರಾಸರಿ ಶೇ 30ರಷ್ಟು ಏರಿಸಿದರು. ಹಲವು ಕಡೆ ಅದು ನಿಜವಾದ ಬೆಲೆಗೆ ಹತ್ತಿರ ಬಂತು. ಮಾರ್ಗಸೂಚಿ ದರಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಬೆಲೆಗೆ ನೋಂದಣಿ ಮಾಡಿಸಿದರೆ ಆ ವ್ಯತ್ಯಾಸಕ್ಕೆ ಆದಾಯ ತೆರಿಗೆ ಕೊಡುವುದು ಮಾರುವವರಷ್ಟೇ ಅಲ್ಲ, ಕೊಳ್ಳುವವರೂ ಕೂಡ. ನಗದಿನಲ್ಲಿ ಒಂದಷ್ಟು ಕೊಡಿ ಎಂದರೆ ಬೇಡ ಎನ್ನಲು ಕಾರಣ ನೈತಿಕತೆಯೊಂದೇ ಅಲ್ಲ. ಆ ದುಡ್ಡಿಗೆ ಸಾಲ ಸಿಗುವುದಿಲ್ಲ, ರಸೀದಿ ಇರುವುದಿಲ್ಲ. ಮುಂದೆ ನೀವು ಮಾರುವಾಗ ಅದು ನಿಮ್ಮ ಖರೀದಿ ಬೆಲೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಲಾಭ ಜಾಸ್ತಿ ತೋರಿ ತೆರಿಗೆಯೂ ಜಾಸ್ತಿಯಾಗುತ್ತದೆ.

ಹೆಚ್ಚು ಜನ ನೋಡದ ಇನ್ನೊಂದು ಜಾಗ ಬ್ಯಾಂಕ್ ಹರಾಜಿನ ಜಾಹೀರಾತು. ಸಾಲ ಕಟ್ಟದವರ ಮನೆಗಳನ್ನು ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ಹರಾಜು ಹಾಕುವಾಗ ವಿಳಾಸ, ಅಳತೆ, ಕನಿಷ್ಠ ಬೆಲೆ ಎಲ್ಲ ಹಾಕುತ್ತವೆ. ಗಿರಾಕಿ ಬರದಿದ್ದರೆ ಅದೇ ಮನೆ ಕಡಿಮೆ ಬೆಲೆಗೆ ಮತ್ತೆ ಬರುತ್ತದೆ. ಹರಾಜಿನಲ್ಲಿ ಕೊಳ್ಳಿ ಎಂದು ಹೊಸಬರಿಗೆ ನಾನು ಹೇಳುವುದಿಲ್ಲ, ಒಳಗಿದ್ದವರನ್ನು ಬಿಡಿಸುವುದೇ ದೊಡ್ಡ ಕೆಲಸ. ಆದರೆ ಆ ಏರಿಯಾದಲ್ಲಿ ಬೆಲೆ ಎಲ್ಲಿಯವರೆಗೆ ಇಳಿದರೆ ಗಿರಾಕಿ ಬರುತ್ತಾರೆ ಎಂದು ತಿಳಿಯಲು ಇದು ಒಳ್ಳೆಯ ದಾರಿ. ಹೊಸ ಪ್ರಾಜೆಕ್ಟಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ಕರ್ನಾಟಕ ರೇರಾದ, ವೆಬ್‌ಸೈಟ್‌ನಲ್ಲಿ ಮೂರು ತಿಂಗಳಿಗೊಮ್ಮೆ ಬಿಲ್ಡರ್ ಕೊಡುವ ಮಾಹಿತಿ ಇರುತ್ತದೆ. ಎಷ್ಟು ಫ್ಲ್ಯಾಟ್ ಬುಕ್ ಆಗಿದೆ, ಕೆಲಸ ಎಲ್ಲಿಗೆ ಬಂದಿದೆ, ಕೇಸು ಇದೆಯಾ ಎಂದು ನೋಡಬಹುದು. 'ಕೊನೆಯ ಎರಡೇ ಉಳಿದಿದೆ' ಎಂದು ಸೇಲ್ಸ್‌ನವರು ಹೇಳಿದ ದಿನವೇ ಅಲ್ಲಿ ನೋಡಿ.

ಬಾಡಿಗೆಯನ್ನೂ ಗಮನಿಸಿ. ಬೆಲೆಯಲ್ಲಿ ಆಸೆ ಸೇರಿರುತ್ತದೆ. ಬಾಡಿಗೆಯಲ್ಲಿ ಇವತ್ತಿನ ಅಗತ್ಯ ಮಾತ್ರ. ಬೆಲೆ ಏರುತ್ತಾ ಬಾಡಿಗೆ ನಿಂತಲ್ಲೇ ಇದ್ದರೆ, ಅಲ್ಲಿ ಕೊಳ್ಳುತ್ತಿರುವವರು ವಾಸಕ್ಕೆ ಬಂದವರಲ್ಲ, ಹೂಡಿಕೆಗೆ ಬಂದವರು ಎಂದರ್ಥ.

ಮೆಟ್ರೊ, ರಸ್ತೆ ಹೆಸರಲ್ಲಿ ಏರಿಸಿದ ಬೆಲೆಯ ಬಗ್ಗೆ ಹುಷಾರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಓಡಲು ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಆ ದಾರಿಯ ಫ್ಲ್ಯಾಟುಗಳ ಬೆಲೆಯಲ್ಲಿ ಮೆಟ್ರೊ ಸೇರಿಕೊಂಡಿತ್ತು. ಪೆರಿಫೆರಲ್ ರಿಂಗ್ ರೋಡಿನ ಮಾತು ಎರಡು ದಶಕದಿಂದ ಇದೆ, ಹೆಸರು ಬದಲಾಯಿತು, ರಸ್ತೆ ಬರಲಿಲ್ಲ. ಅದನ್ನು ನಂಬಿ ಸೈಟು ಕೊಂಡವರು ಕಾಯುತ್ತಲೇ ಇದ್ದಾರೆ. ಇವತ್ತು ಇರುವ ಬಸ್ಸು, ನೀರು, ಶಾಲೆಗೆ ದುಡ್ಡು ಕೊಡಿ. ಮುಂದೆ ಬರುವುದಕ್ಕೆ ಈಗಲೇ ಕೊಡಬೇಡಿ.

ಸ್ಥಳಕ್ಕೆ ಹೋದಾಗ

ಮಂಜೂರಾದ ನಕ್ಷೆಯ ಪ್ರತಿ ಕೇಳಿ ಪಡೆದು, ಅದನ್ನು ಕೈಯಲ್ಲಿ ಹಿಡಿದು ಕಟ್ಟಡದ ಮುಂದೆ ನಿಲ್ಲಿ. ಮಹಡಿ ಎಣಿಸಿ. ಆಮೇಲೆ ನೆಲಮಹಡಿಯಲ್ಲಿ ಮೀಟರ್ ಬೋರ್ಡ್ ಇರುವಲ್ಲಿಗೆ ಹೋಗಿ. ನಕ್ಷೆಯಲ್ಲಿ ಎಂಟು ಮನೆ, ಬೋರ್ಡಿನಲ್ಲಿ ಹನ್ನೊಂದು ಮೀಟರ್ ಇದ್ದರೆ ಮೂರು ಮನೆ ಎಲ್ಲಿಂದ ಬಂತು? ಮೀಟರ್ ಒಂದೇ ಇದ್ದು ಎಲ್ಲರಿಗೂ ಅದರಿಂದಲೇ ವೈರ್ ಎಳೆದಿದ್ದರೆ ತಾತ್ಕಾಲಿಕ ಸಂಪರ್ಕ ಇರಬಹುದು. ಬಿಲ್ಲು ತೋರಿಸಿ ಎನ್ನಿ. ಪಾರ್ಕಿಂಗ್ ಎಂದು ನಕ್ಷೆಯಲ್ಲಿರುವ ಜಾಗದಲ್ಲಿ ಅಂಗಡಿ ಇದ್ದರೆ ಆ ಕಟ್ಟಡಕ್ಕೆ ಒಸಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ನೀರಿನ ವಿಷಯ ವಾಚ್‌ಮನ್‌ಗೆ ಗೊತ್ತಿರುವಷ್ಟು ಬಿಲ್ಡರ್‌ಗೂ ಗೊತ್ತಿರುವುದಿಲ್ಲ. 'ಅಣ್ಣಾ, ಮಾರ್ಚ್-ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ?' ಎಂದು ಕೇಳಿ. 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೆ ಪೈಪು ರಸ್ತೆಯಲ್ಲಿರುವುದು ಬೇರೆ, ನಿಮ್ಮ ಸಂಪಿಗೆ ನೀರು ಬೀಳುವುದು ಬೇರೆ. ಜಲಮಂಡಳಿ ಬಿಲ್ಲು ಕಣ್ಣಾರೆ ನೋಡಿ.

ಅಲ್ಲೇ ನಿಂತು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತಿರುವ ಜಾಗದ ಸರ್ವೆ ನಂಬರು ತೋರಿಸುತ್ತದೆ. ಕ್ರಯಪತ್ರದ ಸರ್ವೆ ನಂಬರಿಗೆ ತಾಳೆಯಾಗುತ್ತಾ? ಪಕ್ಕದಲ್ಲಿ ಕೆರೆ, ಹಳ್ಳ, ಸರ್ಕಾರಿ ಜಮೀನು ಇದೆಯಾ? 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ, ಯಮಲೂರಿನ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದಿದ್ದು ನೆನಪಿದೆಯಲ್ವಾ? ರಾಜಕಾಲುವೆ ಎಲ್ಲಿತ್ತು ಎಂದು ಹಳೇ ಗ್ರಾಮನಕ್ಷೆ ಹೇಳುತ್ತದೆ.

ಬೆಲೆಯನ್ನು ಕಾರ್ಪೆಟ್ ಏರಿಯಾಕ್ಕೆ ಭಾಗಿಸಿ. 80 ಲಕ್ಷಕ್ಕೆ 1,200 ಚದರಡಿ ಎಂದರೆ ಚದರಡಿಗೆ 6,600 ಚಿಲ್ಲರೆ ಎಂದುಕೊಳ್ಳಬೇಡಿ. ಆ 1,200 ಸೂಪರ್ ಬಿಲ್ಟ್‌ಅಪ್ (ಗೋಡೆ, ಮೆಟ್ಟಿಲು, ಲಿಫ್ಟಿನಂಥ ಜಾಗದ ಪಾಲೂ ಸೇರಿದ ಅಳತೆ) ಆಗಿದ್ದು ಒಳಗೆ ಓಡಾಡುವ ಜಾಗ 840 ಇದ್ದರೆ ನಿಜವಾದ ರೇಟು 9,500ರ ಮೇಲೆ. ಎರಡು ಅಪಾರ್ಟ್‌ಮೆಂಟ್ ಹೋಲಿಸಲು ಇದೊಂದೇ ಸರಿಯಾದ ಅಳತೆ. ಜೊತೆಗೆ ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಎಂದೂ ಕೇಳಿ. ಕಟ್ಟಡ ಹಳೆಯದಾಗುತ್ತದೆ. ಮೂವತ್ತು ವರ್ಷದ ಮೇಲೆ ಬೆಲೆ ಉಳಿಯುವುದು ಆ ಪಾಲಿಗೇ.

ಇಸಿ 2004ರಿಂದೀಚೆಗಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಕಷ್ಟವಾದರೂ ತೆಗೆಸಿ. ಇಸಿಯಲ್ಲಿ ನೋಂದಾಯಿಸಿದ ವ್ಯವಹಾರ ಮಾತ್ರ ಕಾಣುತ್ತದೆ. ಅಣ್ಣತಮ್ಮಂದಿರ ಭಾಗದ ಜಗಳ, ಕೋರ್ಟಿನಲ್ಲಿರುವ ಹೆಣ್ಣುಮಕ್ಕಳ ಹಕ್ಕಿನ ದಾವೆ ಅದರಲ್ಲಿ ಕಾಣದೆ ಹೋಗಬಹುದು. ಅದಕ್ಕೇ ವಂಶವೃಕ್ಷ ಕೇಳುವುದು. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಅಸಿಂಧು. 2023ರ ತಿದ್ದುಪಡಿಯಿಂದ ಎಷ್ಟು ವರ್ಷ ಕಳೆದಿದ್ದರೂ ಮೂಲ ಮಂಜೂರುದಾರರ ಕುಟುಂಬ ಅರ್ಜಿ ಹಾಕಬಹುದು. ಆ ಕುಟುಂಬಗಳಿಗೆ ಆದ ಅನ್ಯಾಯ ಸಣ್ಣದಲ್ಲ, ಕಾಯ್ದೆ ಬೇಕಾಗಿದ್ದೂ ಅದಕ್ಕೇ. ಕೊಳ್ಳುವವರು ಪಹಣಿ ಮತ್ತು ಮಂಜೂರಾತಿ ದಾಖಲೆ ನೋಡಿಕೊಂಡರೆ ಎರಡೂ ಕಡೆಯ ಸಂಕಟ ತಪ್ಪುತ್ತದೆ. ಇದಕ್ಕೆಲ್ಲ ನಿಮ್ಮದೇ ವಕೀಲರಿರಲಿ. ಬಿಲ್ಡರ್ ಹೇಳಿದ ವಕೀಲರು ಬೇಡ, ಬ್ಯಾಂಕಿನ ಲೀಗಲ್ ರಿಪೋರ್ಟ್ ಒಂದನ್ನೇ ನಂಬುವುದೂ ಬೇಡ. ಬ್ಯಾಂಕು ನೋಡುವುದು ತನ್ನ ಸಾಲದ ಭದ್ರತೆ. ವಕೀಲರ ಫೀಸು ಅಡುಗೆಮನೆಯ ಚಿಮಣಿಗಿಂತ ಜಾಸ್ತಿಯೇನೂ ಆಗುವುದಿಲ್ಲ.

ಟೋಕನ್ ಕೊಡುವ ಮುಂಚೆ

ಎಲ್ಲ ನೋಡಿ ಒಪ್ಪಿದ ಮೇಲೂ ಜನ ಎಡವುವುದು ಟೋಕನ್ ಅಡ್ವಾನ್ಸ್ ಹತ್ತಿರ. 'ಇನ್ನೊಬ್ಬರು ಸಂಜೆ ಬರ್ತಾರೆ, ಇವತ್ತೇ ಎರಡು ಲಕ್ಷ ಹಾಕಿ' ಎಂಬ ಅವಸರ. ಹೊಸ ಪ್ರಾಜೆಕ್ಟಿನಲ್ಲಿ ಪ್ರೀ-ಲಾಂಚ್ ಆಫರ್ ಎಂದು ರೇರಾ ನೋಂದಣಿಗೆ ಮೊದಲೇ ದುಡ್ಡು ಕೇಳುತ್ತಾರೆ. ನೋಂದಣಿ ಇಲ್ಲದೆ ಜಾಹೀರಾತು ಹಾಕುವುದು, ಬುಕಿಂಗ್ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ನೋಂದಣಿ ಆದ ಮೇಲೂ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಕಾದರೆ ಮೊದಲು ಮಾರಾಟದ ಒಪ್ಪಂದ ನೋಂದಣಿ ಮಾಡಿಸಲೇಬೇಕು. ಮನೆ ತಡವಾದರೆ ಬಡ್ಡಿ ಸಹಿತ ದುಡ್ಡು ವಾಪಸ್ ಕೇಳುವ ಹಕ್ಕು ರೇರಾದಲ್ಲಿದೆ. ಆದೇಶ ಸಿಗುತ್ತದೆ, ಆದರೆ ವಸೂಲಿ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಆಗಬೇಕು, ಅಲ್ಲಿ ವರ್ಷಗಟ್ಟಲೆ ಹಿಡಿಯುತ್ತದೆ. ಕೈಯಲ್ಲಿ ಆದೇಶ ಹಿಡಿದು ಕಾಯುವವರ ಪಾಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಸರ್ಕಾರ ನಿಜವಾಗಿ ಗಮನ ಕೊಡಬೇಕಾದ ಜಾಗ ಅದು. ನೋಂದಣಿ ಶುಲ್ಕ ಎರಡು ಪಟ್ಟು ಮಾಡಿದ ಸರ್ಕಾರ, ಆ ಶುಲ್ಕ ಕಟ್ಟಿದವರ ದುಡ್ಡು ವಾಪಸ್ ಕೊಡಿಸಲೂ ಅಷ್ಟೇ ಚುರುಕು ತೋರಿಸಬೇಕು.

ಹಳೇ ಮನೆ ಕೊಳ್ಳುವವರಿಗೆ ರೇರಾ ರಕ್ಷಣೆ ಇಲ್ಲ. ಅಲ್ಲಿ ಒಪ್ಪಂದದ ಪತ್ರವೇ ನಿಮ್ಮ ಆಧಾರ. ಅದರಲ್ಲಿ ಮೂರು ಮಾತು ಬರೆಸಿ. ಇ-ಖಾತಾ ಮಾರುವವರೇ ಮಾಡಿಸಿ ಕೊಡಬೇಕು. ಕಾಗದದ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಷ್ಟು ದಿನದೊಳಗೆ. ಮಾರುವವರ ಹಳೇ ಸಾಲವಿದ್ದರೆ ನಿಮ್ಮ ಬ್ಯಾಂಕು ನೇರವಾಗಿ ಅವರ ಬ್ಯಾಂಕಿಗೆ ಕಟ್ಟಿ ಮೂಲಪತ್ರ ಬಿಡಿಸಿಕೊಳ್ಳಬೇಕು. ಇವಕ್ಕೆ ಒಪ್ಪಿ ಸಹಿ ಹಾಕಿದ ಮೇಲೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಅಡ್ವಾನ್ಸ್ ಕೊಡಿ. ಎರಡನೆಯ ಮಾತಿಗೆ ಯಾರಾದರೂ ಒಪ್ಪದಿದ್ದರೆ ಆ ಮನೆಯ ಕಾಗದದ ಮೇಲೆ ಮಾರುವವರಿಗೇ ನಂಬಿಕೆ ಇಲ್ಲ. ಅಂಥ ಮನೆ ಎಷ್ಟೇ ಕಡಿಮೆಗೆ ಸಿಕ್ಕರೂ ಬಿಟ್ಟು ಬನ್ನಿ.